ಒಂದೇ ಕಡ್ಡಿ, ಎರಡು ಬಣ್ಣ

ಆರಿದ್ರಾ ಮಳೆ ಹಿಡಿದ ವಾರದಲ್ಲಿ ಒಂದೇ ಕೋಲಿಯಸ್ ಗಿಡದಿಂದ ಎರಡು ಕಡ್ಡಿ ಮುರಿದುಕೊಳ್ಳಿ. ಒಂದನ್ನು ಅಡಿಕೆ ತೋಟದೊಳಗೆ ನೆಡಿ. ಇನ್ನೊಂದನ್ನು ಮನೆಯ ಮುಂದೆ, ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ಕುಂಡಕ್ಕೆ ಹಾಕಿ. ದಸರೆ ಹೊತ್ತಿಗೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇವು ಒಂದೇ ತಾಯಿಯ ಮಕ್ಕಳೆಂದು ಹೇಳುವುದು ಕಷ್ಟ. ತೋಟದ ಗಿಡದ ಎಲೆ ಅಗಲ, ತೆಳು, ಮೆತ್ತಗೆ. ಅದರಲ್ಲಿ ಹಸಿರೇ ಮುಂದು, ಕೆಂಪು ನಡುವಿಗೆ ಸರಿದಿರುತ್ತದೆ. ಗೋಡೆಯ ಬುಡದ ಗಿಡದ ಎಲೆ ಚಿಕ್ಕದು, ದಪ್ಪ. ಕೆಂಪು ಅಂಚಿನವರೆಗೂ ಹರಡಿ, ಹಸಿರು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಎರಡರ ವಂಶವಾಹಿಗಳೂ ಒಂದೇ, ಮಣ್ಣೂ ಒಂದೇ ಇರಬಹುದು. ಬೇರೆಯಾದದ್ದು ಬೆಳಕು.

ಕೋಲಿಯಸ್ ಬೆಳೆಸುವವರು ಮೊದಲು ತಿಳಿಯಬೇಕಾದ ಸಂಗತಿ ಇದೇ. ಅದರ ಬಣ್ಣ ತಳಿಯ ಹೆಸರಿನಲ್ಲಿ ಅರ್ಧ ಇದೆ, ನೀವು ಗಿಡ ಇಡುವ ಜಾಗದಲ್ಲಿ ಇನ್ನರ್ಧ ಇದೆ. ಪ್ರತಿ ಹೊಸ ಎಲೆ ಬಿಚ್ಚುವಾಗಲೂ ಗಿಡ ತನ್ನ ಮೇಲೆ ಬೀಳುವ ಬಿಸಿಲಿಗೆ ತಕ್ಕಂತೆ ಬಣ್ಣವನ್ನು ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಅದಕ್ಕೇ ಈ ಗಿಡವನ್ನು ಬೆಳೆಸುವುದೆಂದರೆ ಬಹುಮಟ್ಟಿಗೆ ಬೆಳಕನ್ನು ಓದುವ ಕೆಲಸ.

ಇಲ್ಲಿ ನಾನು ಓದಹೊರಟಿರುವುದು ತಾಳ್ಯದ ಬೆಳಕನ್ನು. ತಾಳ್ಯ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಹೋಬಳಿ ಊರು. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಬಯಲುಸೀಮೆ. ಪಡುವಣಕ್ಕೆ ಹೋದಷ್ಟೂ ಮಲೆನಾಡಿನ ಅಂಚು ಹತ್ತಿರವಾಗುತ್ತದೆ, ಮೂಡಣಕ್ಕೆ ಹೋದಷ್ಟೂ ಹಿರಿಯೂರು, ಚಳ್ಳಕೆರೆಯ ಒಣಭೂಮಿ. ಮಳೆ ಕಡಿಮೆ, ಬಿಸಿಲು ಧಾರಾಳ. ಇಲ್ಲಿನ ಅಕ್ಷಾಂಶ ಸುಮಾರು 14 ಡಿಗ್ರಿ ಉತ್ತರವಾದ್ದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ, ನಡುಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುತ್ತಾನೆ. ಮೋಡವಿಲ್ಲದ ದಿನ ಆಗ ಬಯಲಿನಲ್ಲಿ ಬೀಳುವ ಬೆಳಕು 1 ಲಕ್ಷ ಲಕ್ಸ್ ಮುಟ್ಟುತ್ತದೆ. ಅದೇ ಹೊತ್ತಿನಲ್ಲಿ ಪಡಸಾಲೆಯ ಒಳಗೆ, ಕಿಟಕಿಯಿಂದ ಎರಡು ಮಾರು ದೂರದಲ್ಲಿ, ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ನಮ್ಮ ಕಣ್ಣು ತನ್ನನ್ನು ತಾನೇ ಸರಿಹೊಂದಿಸಿಕೊಳ್ಳುವುದರಿಂದ ಈ ನೂರಾರು ಪಟ್ಟು ವ್ಯತ್ಯಾಸ ನಮ್ಮ ಗಮನಕ್ಕೇ ಬರುವುದಿಲ್ಲ. ಎಲೆಗೆ ಆ ಅನುಕೂಲವಿಲ್ಲ. ಅದು ಬಿದ್ದಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಕೋಲಿಯಸ್ ಹುಟ್ಟಿ ಬೆಳೆದದ್ದು ಇಂಥ ಬಯಲಿನಲ್ಲಲ್ಲ. ಆಗ್ನೇಯ ಏಷ್ಯಾದ ದ್ವೀಪಗಳಿಂದ ಉತ್ತರ ಆಸ್ಟ್ರೇಲಿಯಾದವರೆಗೆ, ತೇವ ತುಂಬಿದ ಗಾಳಿಯಲ್ಲಿ, ದೊಡ್ಡ ಮರಗಳ ಸಂದಿಯಿಂದ ಸೋಸಿ ಬರುವ ಬೆಳಕಿನಲ್ಲಿ ಬೆಳೆಯುವ ತುಳಸಿ ಕುಟುಂಬದ ಸಸ್ಯವಿದು. ಲಿನ್ನೇಯಸ್ 1763ರಲ್ಲಿ ಇದನ್ನು ವರ್ಣಿಸಿದಾಗ ತುಳಸಿಯ ಕುಲಕ್ಕೇ ಸೇರಿಸಿದ್ದ. ಆಮೇಲೆ ಸಸ್ಯಶಾಸ್ತ್ರಜ್ಞರು ಇದನ್ನು ಪ್ಲೆಕ್ಟ್ರಾಂಥಸ್, ಸೊಲೆನೊಸ್ಟೆಮೊನ್ ಎಂದು ಬೇರೆ ಬೇರೆ ಕುಲಗಳಿಗೆ ಓಡಾಡಿಸಿದರು. 2019ರ ಪರಿಷ್ಕರಣೆಯಲ್ಲಿ ಮತ್ತೆ ಕೋಲಿಯಸ್ ಕುಲಕ್ಕೇ ಮರಳಿದೆ. ಇಂದಿನ ಪೂರ್ಣ ಹೆಸರು ಕೋಲಿಯಸ್ ಸ್ಕುಟೆಲ್ಲಾರಿಯಾಯ್ಡಿಸ್. ನಮ್ಮ ಹಿತ್ತಲಿನಲ್ಲಿ ಇದರ ಹತ್ತಿರದ ನೆಂಟರೊಬ್ಬರಿದ್ದಾರೆ: ಮಗುವಿಗೆ ಶೀತವಾದಾಗ ಬಾಡಿಸಿ ರಸ ಹಿಂಡುವ, ಬಜ್ಜಿ ತಂಬುಳಿಗೆ ಒದಗುವ ದೊಡ್ಡಪತ್ರೆ. ಅದೂ ಕೋಲಿಯಸ್ ಕುಲದ್ದೇ. ಎರಡರ ದಂಟನ್ನೂ ಬೆರಳಲ್ಲಿ ಉರುಳಿಸಿ ನೋಡಿ. ತುಳಸಿಯ ಎಳೆ ಕಡ್ಡಿಯಲ್ಲಿ ಕಾಣುವ ನಾಲ್ಕು ಮೂಲೆ ಇವುಗಳಲ್ಲೂ ಸಿಗುತ್ತದೆ. ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಹುಟ್ಟಿ, ಒಂದು ಜೋಡಿಗೆ ಮೇಲಿನ ಜೋಡಿ ಅಡ್ಡವಾಗಿ ನಿಲ್ಲುತ್ತವೆ. ಹಾಗೆ ನಿಂತರೆ ಮೇಲಿನ ಎಲೆ ಕೆಳಗಿನದ್ದರ ಬೆಳಕನ್ನು ಅಷ್ಟಾಗಿ ಕಸಿಯುವುದಿಲ್ಲ. ಆದರೆ ದೊಡ್ಡಪತ್ರೆ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಂಡು ಬಯಲುಸೀಮೆಯ ಬೇಸಿಗೆಯನ್ನು ಕಳೆಯಬಲ್ಲದು. ಬಣ್ಣದ ಕೋಲಿಯಸ್‌ಗೆ ಆ ಶಕ್ತಿ ಇಲ್ಲ. ಅದು ತಿನ್ನುವ ಸೊಪ್ಪೂ ಅಲ್ಲ.

ಹಾಗಾದರೆ ತಾಳ್ಯದಂಥ ಊರಿನಲ್ಲಿ ಅದಕ್ಕೆ ತವರಿನ ಬೆಳಕು ಎಲ್ಲಿ ಸಿಗುತ್ತದೆ? ಕೊಳವೆಬಾವಿಯ ನೀರು ಕುಡಿದು ನಿಂತ ಅಡಿಕೆ ತೋಟದಲ್ಲಿ. ಭೀಮಸಮುದ್ರ, ಹೊಳಲ್ಕೆರೆ ಸುತ್ತಿನ ಅಡಿಕೆ ತೋಟಗಳ ಒಳಗೆ ಕಾಲಿಟ್ಟರೆ ಏಪ್ರಿಲ್‌ನಲ್ಲೂ ಗಾಳಿಯ ಗುಣವೇ ಬದಲಾಗುತ್ತದೆ. ಸೋಗೆಗಳ ನಡುವಿನಿಂದ ಬಿಸಿಲು ಚೂರುಚೂರಾಗಿ ಇಳಿದು, ಗಳಿಗೆಗೊಮ್ಮೆ ಜಾಗ ಬದಲಿಸುತ್ತದೆ. ಎಲೆಗೆ ಬೇಕಾದಷ್ಟು ಬೆಳಕು ಸಿಗುತ್ತದೆ, ಸುಡುವಷ್ಟು ಹೊತ್ತು ಒಂದೇ ಕಡೆ ನಿಲ್ಲುವುದಿಲ್ಲ. ಅಡಿಕೆ ಬೆಳೆಗಾರರಿಗೆ ಇನ್ನೊಂದು ಸಂಗತಿ ಚೆನ್ನಾಗಿ ಗೊತ್ತು: ಎಳೆ ಅಡಿಕೆಯ ಕಾಂಡ ಸುಡುವುದು ನೈರುತ್ಯದಿಂದ ಬೀಳುವ ಇಳಿಹೊತ್ತಿನ ಬಿಸಿಲಿಗೆ, ಅದಕ್ಕೇ ಆ ಬದಿಗೆ ನೆರಳಿನ ಮರ ಬೆಳೆಸುತ್ತಾರೆ. ಕೋಲಿಯಸ್‌ಗೂ ಅದೇ ಮಾತು. ಬೆಳಗಿನ ಬಿಸಿಲು ಎರಡು ಮೂರು ಗಂಟೆ ಬಿದ್ದರೆ ಒಳ್ಳೆಯದು. ಮಧ್ಯಾಹ್ನ ಮೂರರ ಬಿಸಿಲು ಬೇಡ. ಆ ಹೊತ್ತಿಗೆ ಗಾಳಿ ಒಣಗಿರುತ್ತದೆ, ಗೋಡೆ ಕಾದಿರುತ್ತದೆ, ಕುಂಡದ ಮಣ್ಣೂ ಬಿಸಿಯಾಗಿರುತ್ತದೆ.

ಈಗ ಎಲೆಯೊಳಗೆ ಹೋಗೋಣ. ಕೋಲಿಯಸ್ ಎಲೆಯಲ್ಲಿ ಮುಖ್ಯವಾಗಿ ಮೂರು ಬಗೆಯ ವರ್ಣದ್ರವ್ಯಗಳಿವೆ. ಹಸಿರಿನ ಪತ್ರಹರಿತ್ತು, ಹಳದಿ ಕಡೆಯ ಕ್ಯಾರೊಟಿನಾಯ್ಡ್‌ಗಳು, ಕೆಂಪು ನೇರಳೆಯ ಆಂಥೊಸಯನಿನ್‌ಗಳು. ಮೊದಲಿನ ಎರಡೂ ಎಲೆಯ ಒಳಪದರದ ಜೀವಕೋಶಗಳಲ್ಲಿ, ಆಹಾರ ತಯಾರಿಸುವ ಹರಿತ್ಕಣಗಳ ಒಳಗೆ ಕೂತಿರುತ್ತವೆ. ಆಂಥೊಸಯನಿನ್ ಹೆಚ್ಚಾಗಿ ಹೊರಪದರದ ಜೀವಕೋಶಗಳಲ್ಲಿ, ನೀರು ತುಂಬಿದ ರಸಕುಹರದಲ್ಲಿ ಕರಗಿರುತ್ತದೆ. ಎಂದರೆ ಎರಡು ಬೇರೆ ಬೇರೆ ಮಹಡಿ. ಕೆಳಗೆ ಹಸಿರು ದಟ್ಟವಾಗಿದ್ದು ಮೇಲೆ ಕೆಂಪು ಇದ್ದರೆ, ಹಸಿರು ಸೀರೆಯ ಮೇಲೆ ತೆಳು ಕೆಂಪು ಸೆರಗು ಹಾಸಿದ ಹಾಗೆ, ನಮಗೆ ಕಾಣುವುದು ಕಂದು ಅಥವಾ ಕಡು ನೇರಳೆ. ಕೆಳಗೆ ಹಸಿರೇ ಇಲ್ಲದೆ ಬಿಳಿ ಇದ್ದು ಮೇಲೆ ಕೆಂಪು ಬಂದರೆ ಎದ್ದು ಕಾಣುವ ಗುಲಾಬಿ. ಕೆಳಗೆ ಹಳದಿ ಇದ್ದರೆ ಇಟ್ಟಿಗೆಯ ಕಿತ್ತಳೆ. ಕೋಲಿಯಸ್‌ನ ನೂರಾರು ಚಿತ್ತಾರಗಳೆಲ್ಲ ಹೆಚ್ಚುಕಡಿಮೆ ಈ ಎರಡು ಮಹಡಿಗಳ ಹೊಂದಾಣಿಕೆಯೇ.

ಇದನ್ನು ಅಡುಗೆಮನೆಯಲ್ಲಿ ಪರೀಕ್ಷಿಸಬಹುದು. ಕಡುಗೆಂಪು ಎಲೆಯೊಂದನ್ನು ಕುದಿಯುವ ನೀರಿಗೆ ಹಾಕಿ. ಸ್ವಲ್ಪ ಹೊತ್ತಿಗೆ ಕೆಂಪು ನೀರಿಗಿಳಿದು, ಎಲೆಯಲ್ಲಿ ಅಡಗಿದ್ದ ಹಸಿರು ಹೊರಗೆ ಬರುತ್ತದೆ. ಶಾಖಕ್ಕೆ ಜೀವಕೋಶದ ಪೊರೆ ಹರಿದು, ನೀರಿನಲ್ಲಿ ಕರಗುವ ಆಂಥೊಸಯನಿನ್ ಹೊರಗೆ ಹರಿಯಿತು. ನೀರಿನಲ್ಲಿ ಕರಗದ ಪತ್ರಹರಿತ್ತು ಅಲ್ಲೇ ಉಳಿಯಿತು. ಆ ನೀರಿಗೆ ನಿಂಬೆರಸ ಹಿಂಡಿದರೆ ಕೆಂಪು ಉಜ್ವಲವಾಗುತ್ತದೆ, ಚಿಟಿಕೆ ಅಡುಗೆ ಸೋಡ ಹಾಕಿದರೆ ನೀಲಿ ಹಸಿರಿನ ಕಡೆ ತಿರುಗುತ್ತದೆ.

ಗಿಡಕ್ಕೆ ಈ ಕೆಂಪು ಏಕೆ ಬೇಕು? ಎಲೆ ಬಳಸಿಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಬೆಳಕು ಬಿದ್ದಾಗ ಹರಿತ್ಕಣಗಳಲ್ಲಿ ಉಳಿಕೆ ಶಕ್ತಿ ಆಮ್ಲಜನಕದ ಹಾನಿಕಾರಕ ರೂಪಗಳನ್ನು ಹುಟ್ಟಿಸುತ್ತದೆ. ಅವು ಆಹಾರ ತಯಾರಿಸುವ ಯಂತ್ರವನ್ನೇ ಕೆಡಿಸುತ್ತವೆ. ಮೇಲಿನ ಮಹಡಿಯ ಆಂಥೊಸಯನಿನ್ ಬೆಳಕಿನ ಒಂದು ಭಾಗವನ್ನು, ಅದರಲ್ಲೂ ಹಸಿರು ಭಾಗವನ್ನು, ದಾರಿಯಲ್ಲೇ ಹೀರಿ ಕೆಳಗಿನವರ ಹೊರೆ ಇಳಿಸುತ್ತದೆ. ಅದಕ್ಕೇ ಬಿಸಿಲು ಹೆಚ್ಚಾದಂತೆ ಕೆಂಪು ತಯಾರಿಸುವ ವಂಶವಾಹಿಗಳು ಚುರುಕಾಗುತ್ತವೆ. ಎಲೆಯಲ್ಲಿ ಸಕ್ಕರೆ ಕೂಡಿಕೊಂಡಾಗ, ರಾತ್ರಿ ತಂಪಾದಾಗಲೂ ಹಾಗೆಯೇ. ಮಳೆ ನಿಂತು ಆಕಾಶ ತೊಳೆದಂತಾಗಿ, ಹಗಲಿಗೆ ಒಳ್ಳೆಯ ಬಿಸಿಲು, ರಾತ್ರಿಗೆ ಚಳಿ ಬರುವ ಕಾರ್ತಿಕದಿಂದ ಸಂಕ್ರಾಂತಿಯವರೆಗಿನ ಕಾಲದಲ್ಲಿ ಈ ಎಲ್ಲ ಕಾರಣಗಳೂ ಒಟ್ಟಿಗೆ ಕೂಡುತ್ತವೆ. ಬಯಲುಸೀಮೆಯಲ್ಲಿ ಕೋಲಿಯಸ್ ನೋಡಬೇಕಾದದ್ದು ಆಗ. ಇಲ್ಲಿ ಚಳಿ ಗಿಡವನ್ನು ಕೊಲ್ಲುವಷ್ಟು ಇಳಿಯುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಒಂದೇ ಬೇಸಿಗೆ ಬಾಳುವ ಈ ಗಿಡ ನಮ್ಮಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು.

ಒಂದು ಎಚ್ಚರಿಕೆ. ಬಿಸಿಲು ಹೆಚ್ಚಿದಷ್ಟೂ ಬಣ್ಣ ಹೆಚ್ಚೆಂಬುದು ಕೆಂಪು ತಳಿಗಳಿಗೆ, ಅದೂ ಒಂದು ಮಿತಿಯವರೆಗೆ ಮಾತ್ರ ಸರಿ. ನಿಂಬೆಹಳದಿ, ಬಿಳಿ ನಡುವಿನ ತಳಿಗಳಿಗೆ ಮೇಲಿನ ಮಹಡಿಯ ರಕ್ಷಣೆ ಇಲ್ಲ. ಅವು ನೇರ ಬಿಸಿಲಿಗೆ ಬಿಳಿಚಿಕೊಂಡು ಅಂಚು ಕಂದಿ ಒಣಗುತ್ತವೆ. ಇನ್ನೊಂದು: ಜಾಗ ಬದಲಿಸಿದ ಮಾರನೇ ದಿನವೇ ಬಣ್ಣ ಬದಲಾಗಲಿಲ್ಲವೆಂದು ಗಿಡವನ್ನು ಮತ್ತೆ ಎತ್ತಿ ಬೇರೆ ಕಡೆ ಇಡಬೇಡಿ. ಬೆಳೆದ ಎಲೆ ತನ್ನ ಬಣ್ಣವನ್ನು ಅಷ್ಟಾಗಿ ಬಿಡುವುದಿಲ್ಲ. ಹೊಸ ಬೆಳಕಿಗೆ ಉತ್ತರ ಹೊಸ ಎಲೆಯಲ್ಲಿ, ಎರಡು ಮೂರು ವಾರಗಳ ಮೇಲೆ ಸಿಗುತ್ತದೆ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮನಿಪ್ಲಾಂಟ್ ಅಥವಾ ಕ್ರೋಟನ್ ಎಲೆಯನ್ನು ಆಲ್ಕೋಹಾಲಿನಲ್ಲಿ ಬಿಸಿಮಾಡಿ ಅಯೋಡಿನ್ ಹಾಕುವ ಪ್ರಯೋಗವಿದೆ. ಹಸಿರಿದ್ದ ಕಡೆ ಪಿಷ್ಟ ಇರುವುದರಿಂದ ಕಡುನೀಲಿಯಾಗುತ್ತದೆ, ಬಿಳಿ ಇದ್ದ ಕಡೆ ಆಗುವುದಿಲ್ಲ. ಶಾಲೆಯ ಅಂಗಳದಲ್ಲಿ ಕೋಲಿಯಸ್ ಇದ್ದರೆ ಮೇಷ್ಟ್ರುಗಳು ಅದನ್ನೇ ಬಳಸಲಿ ಎಂಬುದು ನನ್ನ ಆಸೆ. ಇದರಲ್ಲಿ ಹೆಚ್ಚಿನ ಪಾಠವೊಂದಿದೆ. ಕಡುನೇರಳೆ ಭಾಗ ನೀಲಿಯಾಗುತ್ತದೆ, ಗುಲಾಬಿ ಭಾಗ ಆಗುವುದಿಲ್ಲ. ಮೇಲೆ ಕೆಂಪು ಎರಡಕ್ಕೂ ಇತ್ತು. ಕೆಳಗೆ ಹಸಿರಿದ್ದದ್ದು ನೇರಳೆಗೆ ಮಾತ್ರ. ಗುಲಾಬಿ ಭಾಗ ತನ್ನ ಊಟವನ್ನು ತಾನು ದುಡಿಯುವುದಿಲ್ಲ, ಪಕ್ಕದ ಹಸಿರು ಭಾಗ ದುಡಿದದ್ದರಲ್ಲಿ ಬದುಕುತ್ತದೆ. ತುಂಬ ಗುಲಾಬಿ, ತುಂಬ ಬಿಳಿ ಇರುವ ತಳಿಗಳು ನಿಧಾನವಾಗಿ ಬೆಳೆಯುವುದಕ್ಕೆ ಕಾರಣ ಇದು. ಅವುಗಳನ್ನು ಕತ್ತಲೆ ಮೂಲೆಯಲ್ಲಿಟ್ಟರೆ ಸೊರಗುವುದಕ್ಕೂ ಕಾರಣ ಇದೇ.

ಇನ್ನು ಕಡ್ಡಿಯ ವಿಷಯ. ಕೋಲಿಯಸ್ ಊರೂರು ಹಬ್ಬಿದ್ದು ಹೆಚ್ಚಾಗಿ ಅಂಗಡಿಯಿಂದಲ್ಲ, ಕೈಯಿಂದ ಕೈಗೆ. ನೆಂಟರ ಮನೆಗೆ ಹೋದವರು ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಕಡ್ಡಿ ತರುತ್ತಾರೆ, ಅದು ಹಳೇ ಡಬ್ಬಿಯಲ್ಲೋ ಒಡೆದ ಬಕೆಟ್ಟಿನಲ್ಲೋ ಬೇರು ಬಿಡುತ್ತದೆ. ಇಷ್ಟು ಸುಲಭವಾಗಿ ಬೇರು ಬರುವುದು ಸಸ್ಯಲೋಕದಲ್ಲಿ ಎಲ್ಲರಿಗೂ ದಕ್ಕಿದ ವರವಲ್ಲ. ಮಾವಿನ ಕಡ್ಡಿ ನೆಟ್ಟು ನೋಡಿದವರಿಗೆ ಅದು ಗೊತ್ತು.

ಕತ್ತರಿಸಿದ ದಂಟಿನಲ್ಲಿ ನಡೆಯುವುದೇನು? ಗಿಡದ ತುದಿಯ ಎಳೆ ಎಲೆಗಳಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಜೀವಕೋಶದಿಂದ ಜೀವಕೋಶಕ್ಕೆ ಕೆಳಮುಖವಾಗಿ ಸಾಗುತ್ತಿರುತ್ತದೆ. ಗಿಡ ಇಡಿಯಾಗಿದ್ದಾಗ ಅದು ಬೇರಿನವರೆಗೆ ಹೋಗುತ್ತದೆ. ದಂಟು ಕತ್ತರಿಸಿದರೆ ದಾರಿ ಅಲ್ಲಿಗೆ ಮುಗಿಯಿತು. ಬಂದ ಆಕ್ಸಿನ್ ಕಡಿತದ ಜಾಗದಲ್ಲಿ ಕೂಡಿಕೊಳ್ಳುತ್ತದೆ. ಅದರ ಒತ್ತಾಯಕ್ಕೆ, ನೀರಿನ ನಾಳಗಳ ಹೊರಅಂಚಿನಲ್ಲಿ ಸುಮ್ಮನಿದ್ದ ಜೀವಕೋಶಗಳು ಮತ್ತೆ ಒಡೆಯತೊಡಗಿ ಬೇರಿನ ಮೊಳಕೆಯಾಗುತ್ತವೆ. ಕೋಲಿಯಸ್ ಕಡ್ಡಿಯಲ್ಲಿ ಬೇರು ಎಲ್ಲಿಂದ ಹುಟ್ಟುತ್ತದೆಂದು ಅಮೆರಿಕದ ಸಸ್ಯವಿಜ್ಞಾನಿ ಮಾರ್ಜರಿ ಕಾರ್ಲ್ಸನ್ 1929ರಲ್ಲೇ ಸೂಕ್ಷ್ಮದರ್ಶಕದಡಿ ನೋಡಿ ಬರೆದಿದ್ದರು. ಈ ಗಿಡ ವಿಜ್ಞಾನಕ್ಕೆ ಮಾಡಿದ ದೊಡ್ಡ ಸೇವೆ 1952ರದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲಿಯಂ ಜೇಕಬ್ಸ್ ಕೋಲಿಯಸ್ ದಂಟಿನ ಬದಿಯಲ್ಲಿ ಗಾಯ ಮಾಡಿ ನೀರಿನ ನಾಳವೊಂದನ್ನು ತುಂಡರಿಸಿದರು. ಗಿಡ ಕೆಲವು ದಿನಗಳಲ್ಲಿ ಗಾಯದ ಸುತ್ತ ಹಾದುಹೋಗುವಂತೆ ಹೊಸ ನಾಳ ಹೆಣೆಯಿತು. ಗಾಯದ ಮೇಲಿನ ಎಲೆ, ಮೊಗ್ಗುಗಳನ್ನು ತೆಗೆದುಬಿಟ್ಟರೆ ಹೆಣಿಗೆ ಕುಂಠಿತವಾಯಿತು. ಎಲೆಯಿದ್ದ ಜಾಗಕ್ಕೆ ಆಕ್ಸಿನ್ ಹಚ್ಚಿದರೆ ಮತ್ತೆ ನಡೆಯಿತು. ಸಸ್ಯದ ನಾಳಗಳು ಎಲ್ಲಿ ಹುಟ್ಟಬೇಕೆಂದು ನಿರ್ಧರಿಸುವುದು ಮೇಲಿನಿಂದ ಇಳಿಯುವ ಆಕ್ಸಿನ್ ಹೊಳೆಯೇ ಎಂಬ ತಿಳಿವಳಿಕೆಗೆ ಈ ಪ್ರಯೋಗ ಗಟ್ಟಿ ಆಧಾರ.

ಇದರಿಂದ ಕಡ್ಡಿ ಆರಿಸುವ ರೀತಿ ತಾನಾಗಿ ಹೊರಡುತ್ತದೆ. ತುದಿಯ ಕುಡಿ ಇರುವ, ಹೂತೆನೆ ಇನ್ನೂ ಬಾರದ, ಎರಡು ಮೂರು ಗೆಣ್ಣಿರುವ ಗೇಣಿಗಿಂತ ಚಿಕ್ಕ ಕಡ್ಡಿ ಸಾಕು. ಹರಿತವಾದ ಬ್ಲೇಡಿನಿಂದ ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಜೋಡಿ ಎಲೆ ತೆಗೆಯಿರಿ. ಮೇಲಿನ ಎಲೆ ಅಗಲವಾಗಿದ್ದರೆ ಅರ್ಧಕ್ಕೆ ಕತ್ತರಿಸಿ. ಬೇರಿಲ್ಲದ ಕಡ್ಡಿಗೆ ನೀರು ಎತ್ತುವ ಶಕ್ತಿ ಕಡಿಮೆ, ಎಲೆ ಮಾತ್ರ ನೀರು ಬಿಡುತ್ತಲೇ ಇರುತ್ತದೆ. ಈ ಅಸಮತೋಲನವೇ ಕಡ್ಡಿ ಸಾಯಲು ಮುಖ್ಯ ಕಾರಣ. ಆದರೆ ಎಲೆಯನ್ನೆಲ್ಲ ಕಿತ್ತರೆ ಆಕ್ಸಿನ್ನೂ ಇಲ್ಲ, ಸಕ್ಕರೆಯೂ ಇಲ್ಲ. ಒಂದೆರಡು ಜೋಡಿ ಎಲೆ ಉಳಿಯಲೇಬೇಕು. ಗಾಜಿನ ಲೋಟದ ನೀರಿನಲ್ಲಿ ಇಟ್ಟರೆ ಒಂದು ವಾರ, ಹತ್ತು ದಿನದಲ್ಲಿ ಬಿಳಿ ಬೇರು ಕಾಣುತ್ತದೆ. ಮಕ್ಕಳಿಗೆ ತೋರಿಸಲು ಇದು ಚೆನ್ನ. ಗಿಡಕ್ಕೆ ಮಾತ್ರ ಮರಳು, ತೆಂಗಿನ ನಾರಿನ ಪುಡಿ ಬೆರೆಸಿದ ಮಿಶ್ರಣದಲ್ಲಿ ಬೇರು ಬಂದರೆ ಮೇಲು, ಏಕೆಂದರೆ ನೀರಿನಲ್ಲಿ ಹುಟ್ಟಿದ ಬೇರು ಪೆಳಸು, ಮಣ್ಣಿಗೆ ಹಾಕಿದಾಗ ಮತ್ತೆ ಹೊಂದಿಕೊಳ್ಳಬೇಕು. ನೀರಿನಲ್ಲೇ ಬಿಡಿಸಿದ್ದಾದರೆ ಬೇರು ಒಂದು ಅಂಗುಲ ಆಗುವ ಮೊದಲೇ ಮಣ್ಣಿಗೆ ಸಾಗಿಸಿ. ಬೇರು ಬರಿಸುವ ಪುಡಿ ಇದಕ್ಕೆ ಬೇಡ.

ಮಳೆಗಾಲ ಬಂತೆಂದು ಚಿತ್ರದುರ್ಗ ಜಿಲ್ಲೆಯಲ್ಲಿ ಕಡ್ಡಿಯನ್ನು ಬಯಲಿಗಿಡುವ ಹಾಗಿಲ್ಲ. ಇಲ್ಲಿನ ಗುಡ್ಡಗಳ ಮೇಲೆ ಗಾಳಿಗಿರಣಿಗಳು ಸುಮ್ಮನೆ ನಿಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನೈರುತ್ಯದ ಗಾಳಿ ಬಿಡದೆ ಬೀಸುತ್ತದೆ, ಎಷ್ಟೋ ದಿನ ಮಳೆ ಇಲ್ಲದೆ ಬರೀ ಗಾಳಿ. ಮಲೆನಾಡಿನಲ್ಲಿ ಚುಚ್ಚಿದ ಕಡ್ಡಿಯೆಲ್ಲ ಬದುಕುವ ಅದೇ ವಾರದಲ್ಲಿ ತಾಳ್ಯದ ಬಯಲಲ್ಲಿ ಅದು ಸಂಜೆಯೊಳಗೆ ಬಾಡುತ್ತದೆ. ಗೋಡೆಯ ಮೂಡಣ ಬದಿಗೆ, ಬಾಳೆಯ ಮರೆಗೆ ಇಟ್ಟು, ಮೇಲೆ ತೂತು ಮಾಡಿದ ಪ್ಲಾಸ್ಟಿಕ್ ಚೀಲವೊಂದನ್ನು ಮುಚ್ಚಿದರೆ ಒಳಗೆ ತೇವ ನಿಲ್ಲುತ್ತದೆ. ಬೇಸಿಗೆಯಲ್ಲಾದರೆ ಅಡಿಕೆ ತೋಟದೊಳಗಲ್ಲದೆ ಬೇರೆಡೆ ಕಡ್ಡಿ ಹಾಕದಿರುವುದೇ ಲೇಸು.

ಬೇರು ಹಿಡಿದ ಸಸಿ ನಾಲ್ಕೈದು ಜೋಡಿ ಎಲೆ ಬಿಟ್ಟ ಮೇಲೆ ಅದರ ಕುಡಿ ಚಿವುಟಬೇಕು. ಚಿತ್ರದುರ್ಗ, ಹಿರಿಯೂರು ಕಡೆಯ ಸೇವಂತಿಗೆ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಸಿ ನೆಟ್ಟ ಸುಮಾರು ನಾಲ್ಕು ವಾರಕ್ಕೆ ಅವರು ಕುಡಿ ಚಿವುಟಿಯೇ ಹೆಚ್ಚು ಕವಲು, ಹೆಚ್ಚು ಹೂವು ಪಡೆಯುತ್ತಾರೆ. ಎರಡರ ಹಿಂದೆಯೂ ಒಂದೇ ಶರೀರಶಾಸ್ತ್ರ. ತುದಿಯಿಂದ ಇಳಿಯುವ ಆಕ್ಸಿನ್ ಎಲೆಕಂಕುಳಿನ ಮೊಗ್ಗುಗಳನ್ನು ತಡೆದಿರುತ್ತದೆ, ಗಿಡದ ಸಕ್ಕರೆಯ ಹೆಚ್ಚಿನ ಪಾಲೂ ತುದಿಗೇ ಹೋಗುತ್ತಿರುತ್ತದೆ. ತುದಿ ಹೋದರೆ ತಡೆಯೂ ಹೋಯಿತು, ಸಕ್ಕರೆಯೂ ಮೊಗ್ಗಿಗೆ ತಿರುಗಿತು. ಒಂದು ಕುಡಿ ಹೋಗಿ ಎರಡು ಕವಲು, ಅವನ್ನೂ ಚಿವುಟಿದರೆ ನಾಲ್ಕು. ತೆನೆಯಾಗಿ ಬರುವ ನೀಲಿ ಹೂವನ್ನೂ ಎಳೆಯದಾಗಿರುವಾಗಲೇ ತೆಗೆಯುವುದು ರೂಢಿ. ಹೂವಿಗೆ ಹೊರಟ ತುದಿ ಮುಂದೆ ಎಲೆ ಕೊಡುವುದಿಲ್ಲ, ಬೀಜ ಕಟ್ಟಿದ ಗಿಡ ಸೊರಗುತ್ತದೆ. ಆದರೂ ಒಂದು ಗಿಡವನ್ನಾದರೂ ಜೇನಿಗಾಗಿ ಹೂಬಿಡಲು ಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಕುಡಿ ಚಿವುಟುವಾಗಲೇ ಮಾಡಬಹುದಾದ ಇನ್ನೊಂದು ಪ್ರಯೋಗ ಉಂಟು. ಒಂದು ಜೋಡಿ ಎಲೆಯಲ್ಲಿ ಒಂದನ್ನು ಹಾಗೇ ಬಿಡಿ. ಎದುರಿನದ್ದರ ಹರಹನ್ನು ಕತ್ತರಿಸಿ ತೊಟ್ಟನ್ನಷ್ಟೇ ಉಳಿಸಿ. ಕೆಲವೇ ದಿನಗಳಲ್ಲಿ ಬರಿತೊಟ್ಟು ತಾನಾಗಿ ಕಳಚಿ ಬೀಳುತ್ತದೆ, ಎದುರಿನ ಎಲೆ ಅಲ್ಲಾಡುವುದೂ ಇಲ್ಲ. ಎಲೆಯ ಹರಹಿನಿಂದ ಬರುತ್ತಿದ್ದ ಆಕ್ಸಿನ್ ತೊಟ್ಟಿನ ಬುಡದ ಜೀವಕೋಶಗಳಿಗೆ "ನಾನಿನ್ನೂ ದುಡಿಯುತ್ತಿದ್ದೇನೆ" ಎಂದು ಹೇಳುತ್ತಿತ್ತು. ಆ ಸುದ್ದಿ ನಿಂತೊಡನೆ ಗಿಡ ತೊಟ್ಟನ್ನು ಕಳಚಿತು. 1936ರಲ್ಲಿ ಲಾ ರೂ ಎಂಬ ವಿಜ್ಞಾನಿ ಕೋಲಿಯಸ್‌ನ ಬರಿತೊಟ್ಟಿಗೆ ಆಕ್ಸಿನ್ ಹಚ್ಚಿ ಅದು ಬೀಳುವುದನ್ನು ತಡ ಮಾಡಿ ತೋರಿಸಿದ್ದರು. ಹಣ್ಣು, ಕಾಯಿ ಉದುರದಂತೆ ತೋಟಗಳಲ್ಲಿ ಇಂದು ಸಿಂಪಡಿಸುವ ಹಾರ್ಮೋನುಗಳ ಹಿಂದೆ ಇರುವುದೂ ಇಂಥದೇ ತಿಳಿವಳಿಕೆ.

ಮಣ್ಣು, ಗೊಬ್ಬರದಲ್ಲಿ ಕೋಲಿಯಸ್ ಹಟ ಮಾಡುವುದಿಲ್ಲ. ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಅಥವಾ ನಾರಿನ ಪುಡಿ ಸಮಸಮ ಬೆರೆಸಿದರೆ ನಡೆಯುತ್ತದೆ. ಯೂರಿಯಾ ಸುರಿದರೆ ಎಲೆ ದೊಡ್ಡದಾಗುತ್ತದೆ, ಬಣ್ಣ ಹಸಿರಿಗೆ ತಿರುಗುತ್ತದೆ. ತೊಂದರೆ ಕೊಡುವುದು ನೀರು. ನಮ್ಮ ಆಳದ ಕೊಳವೆಬಾವಿಗಳ ನೀರು ಗಡಸು. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುವುದು ಅದರ ಗುರುತು. ಅದರಲ್ಲಿನ ಬೈಕಾರ್ಬೊನೇಟ್ ಚಿಕ್ಕ ಕುಂಡದ ಮಣ್ಣನ್ನು ತಿಂಗಳುಗಳಲ್ಲಿ ಕ್ಷಾರದ ಕಡೆ ಒಯ್ಯುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ, ಹೊಸ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾಗುತ್ತದೆ. ಬಣ್ಣದ ಗಿಡವಾದ್ದರಿಂದ ಇದನ್ನು ಹೊಸ ಚಿತ್ತಾರವೆಂದು ಖುಷಿಪಡುವವರಿದ್ದಾರೆ, ನಿಜವಾಗಿ ಅದು ಹಸಿವು. ಮಳೆನೀರು ಹಿಡಿದಿಟ್ಟು ಆಗಾಗ ಧಾರಾಳವಾಗಿ ಹಾಕಿ, ಉಪ್ಪು ಕುಂಡದ ತಳದ ತೂತಿನಿಂದ ಹೊರಗೆ ಹರಿಯುವಂತೆ ಮಾಡಿದರೆ ಗಿಡ ಸುಧಾರಿಸಿಕೊಳ್ಳುತ್ತದೆ. 

ಕೋಲಿಯಸ್ ಬಾಡಿದಾಗ ನೋಡಿದವರಿಗೆ ಸತ್ತೇಹೋಯಿತು ಅನ್ನಿಸುತ್ತದೆ; ನೀರು ಹಾಕಿದರೆ ಒಂದೆರಡು ಗಂಟೆಯಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಈ ದಂಟಿನಲ್ಲಿ ಕಟ್ಟಿಗೆ ಕಡಿಮೆ, ಅದು ನಿಂತಿರುವುದೇ ಜೀವಕೋಶದೊಳಗಿನ ನೀರಿನ ಒತ್ತಡದ ಮೇಲೆ. ಆದರೆ ಏಪ್ರಿಲ್ ಮಧ್ಯಾಹ್ನ ಮಣ್ಣು ಒದ್ದೆಯಿದ್ದರೂ ಅದು ಬಾಡಬಹುದು, ಎಲೆ ಬಿಡುವಷ್ಟು ವೇಗವಾಗಿ ಬೇರು ನೀರು ಎತ್ತಲಾರದು. ಆಗ ಇನ್ನಷ್ಟು ನೀರು ಹೊಯ್ದರೆ ಬೇರು ಕೊಳೆಯುತ್ತದೆ. ಬೆರಳನ್ನು ಮಣ್ಣಿಗೆ ಇಳಿಸಿ ನೋಡಿ, ಒದ್ದೆಯಿದ್ದರೆ ನೆರಳಿಗೆ ಸರಿಸಿ. ಹಿಟ್ಟು ತಿಗಣೆ, ಬಿಳಿ ನೊಣ, ಬೇಸಿಗೆಯಲ್ಲಿ ಕೆಂಪು ನುಸಿ ಬರುವುದುಂಟು. ಎಲೆಯ ಅಡಿ ನೋಡುವ ಅಭ್ಯಾಸವಿದ್ದು ಮೊದಲೇ ಒರೆಸಿ ತೆಗೆದರೆ ಔಷಧ ಬೇಕಾಗುವುದಿಲ್ಲ.

ಕಾಣದ ಪಿಡುಗೊಂದಿದೆ. ವೈರಾಯ್ಡ್ ಎಂಬ, ವೈರಸ್ಸಿಗಿಂತಲೂ ಚಿಕ್ಕ ರೋಗಕಾರಕ. ಇದಕ್ಕೆ ಕವಚವಿಲ್ಲ, ಪ್ರೋಟೀನಿಲ್ಲ. ಬರಿಯ ಆರ್‌ಎನ್‌ಎ ಉಂಗುರ. ಕೋಲಿಯಸ್‌ನಲ್ಲಿ ಮೊದಲಿಗೆ 1989ರಲ್ಲಿ ಬ್ರೆಜಿಲ್‌ನಿಂದ ವರದಿಯಾದ ಇಂಥ ವೈರಾಯ್ಡ್‌ನ ಇಡೀ ದೇಹ 248 ರಾಸಾಯನಿಕ ಅಕ್ಷರಗಳಷ್ಟು. ಭಾರತದ ಕೋಲಿಯಸ್‌ಗಳಲ್ಲೂ ಇದು ಸಿಕ್ಕಿದೆ. ಎಷ್ಟೋ ಗಿಡಗಳಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಕೂತಿರುತ್ತದೆ. ಬೀಜದಿಂದಲೂ ದಾಟುತ್ತದೆ, ಕಡ್ಡಿಯಿಂದಲೂ ದಾಟುತ್ತದೆ, ಕತ್ತರಿಸಿದ ಬ್ಲೇಡಿನ ರಸದಿಂದಲೂ ದಾಟುತ್ತದೆ. ಕಡ್ಡಿ ಹಂಚುವ ಪ್ರೀತಿಯ ಜೊತೆಗೇ ಅದೂ ಊರು ಸುತ್ತುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬ್ಲೇಡನ್ನು ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ಒರೆಸುವುದು ದೊಡ್ಡ ಕೆಲಸವೇನಲ್ಲ.

ಬೀಜದಿಂದ ಬೆಳೆಸಬಾರದೇ? ಬೆಳೆಸಬಹುದು. ಬೀಜ ತೀರಾ ಸಣ್ಣದು, ಒಂದು ಗ್ರಾಮಿಗೆ ಮೂರು ಸಾವಿರಕ್ಕೂ ಮೇಲೆ. ಮೊಳೆಯಲು ಬೆಳಕು ಬೇಕಾದ್ದರಿಂದ ಮಣ್ಣು ಮುಚ್ಚದೆ, ಒದ್ದೆ ಮಿಶ್ರಣದ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು. ಎರಡು ವಾರದೊಳಗೆ ಮೊಳಕೆ ಬರುತ್ತದೆ. ಆದರೆ ನಿಮ್ಮ ಮೆಚ್ಚಿನ ಗಿಡದ ಬೀಜ ಹಾಕಿದರೆ ಆ ಗಿಡ ಬರುವುದಿಲ್ಲ. ಒಂದೊಂದು ಸಸಿ ಒಂದೊಂದು ಬಣ್ಣ, ಹಲವು ಮಂಕು ಹಸಿರು. ಈ ಸಸ್ಯದಲ್ಲಿ ವರ್ಣತಂತುಗಳ ನಾಲ್ಕು ಪ್ರತಿಗಳಿರುವುದರಿಂದ ಬಣ್ಣದ ವಂಶವಾಹಿಗಳು ಪ್ರತಿ ಪೀಳಿಗೆಯಲ್ಲೂ ಬೇರೆ ಬೇರೆ ರೀತಿ ಕೂಡುತ್ತವೆ. 19ನೇ ಶತಮಾನದ ನಡುವಿನಲ್ಲಿ ಜಾವಾದಿಂದ ಯುರೋಪಿಗೆ ಹೋದ ಕೆಲವೇ ಗಿಡಗಳಿಂದ ಅಲ್ಲಿನ ತೋಟಗಾರರು ಅಡ್ಡಹಾಯಿಸಿ ರಾಶಿ ರಾಶಿ ತಳಿ ತೆಗೆದದ್ದು ಹೀಗೆ. ಬೆಂಗಳೂರಿನ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನದಲ್ಲಿ ಸಾಲಾಗಿ ಜೋಡಿಸುವ ಕೋಲಿಯಸ್ ಕುಂಡಗಳ ಪೂರ್ವಜರು ಅವೇ.

ಕಡ್ಡಿಯಿಂದ ಬಂದ ಗಿಡ ತಾಯಿಯ ಅಚ್ಚು. ಬಹುತೇಕ ಸಲ. ಕೆಲವೊಮ್ಮೆ ಒಂದೇ ಗಿಡದ ಒಂದು ಕವಲು ಇದ್ದಕ್ಕಿದ್ದಂತೆ ಬೇರೆ ಚಿತ್ತಾರ ತೊಡುತ್ತದೆ. ಕುಡಿಯ ತುದಿಯಲ್ಲಿ ಒಂದರ ಮೇಲೊಂದು ಮೂರು ಪದರ ಜೀವಕೋಶಗಳು ಬೆಳೆಯುತ್ತಾ ಹೋಗುತ್ತವೆ. ಹೊರಪದರದಿಂದ ಎಲೆಯ ಮೇಲ್ಮೈ, ಒಳಪದರಗಳಿಂದ ಎಲೆಯ ಒಡಲು. ಅವುಗಳಲ್ಲಿ ಒಂದೇ ಜೀವಕೋಶದ ವಂಶವಾಹಿ ಬದಲಾದರೂ ಅದರ ಸಂತತಿಯೆಲ್ಲ ಆ ಬದಲಾವಣೆಯನ್ನು ಹೊತ್ತು, ಎಲೆಯ ಮೇಲೆ ಒಂದು ಪಟ್ಟಿಯಾಗಿ ಕಾಣಿಸಿಕೊಳ್ಳುತ್ತದೆ. ನ್ಯೂಯಾರ್ಕ್ ಸಸ್ಯೋದ್ಯಾನದ ಎ.ಬಿ. ಸ್ಟೌಟ್ ಇಂಥ ಕವಲುಗಳನ್ನೇ ಪೀಳಿಗೆಯ ಮೇಲೆ ಪೀಳಿಗೆ ಕಡ್ಡಿ ಮಾಡಿ, ಬೀಜದ ಹಂಗಿಲ್ಲದೆ, ಒಂದೇ ಮೂಲದಿಂದ ಸ್ಪಷ್ಟವಾಗಿ ಬೇರೆಬೇರೆಯಾದ ಸ್ಥಿರ ತಳಿಗಳನ್ನು ಪಡೆದು 1915ರಲ್ಲಿ ಪ್ರಕಟಿಸಿದರು.

ಹಿಂದೆ ತಿರುಗುವುದೂ ಉಂಟು. ಬಣ್ಣದ ಗಿಡದಲ್ಲಿ ಪೂರ್ತಿ ಹಸಿರು ಕವಲೊಂದು ಎದ್ದರೆ ತಕ್ಷಣ ತೆಗೆಯಿರಿ, ಹೆಚ್ಚು ಪತ್ರಹರಿತ್ತಿರುವ ಅದು ಬೇಗ ಬೆಳೆದು ಉಳಿದವನ್ನು ನುಂಗುತ್ತದೆ. ಹೊಸ ಚಿತ್ತಾರದ ಕವಲು ಕಂಡರೆ ಆತುರಪಟ್ಟು ತುದಿ ಮುರಿಯಬೇಡಿ. ಬಣ್ಣದ ಪಟ್ಟಿ ಯಾವ ಎಲೆಯ ಬುಡದವರೆಗೆ ಇಳಿದಿದೆ ಎಂದು ನೋಡಿ, ಆ ಎಲೆಯ ಕಂಕುಳಿನ ಮೊಗ್ಗು ಹೊರಡುವಂತೆ ಅದರ ಮೇಲಿನ ಗೆಣ್ಣಿಗೆ ಚಿವುಟಿ. ಎಲೆಯೊಂದನ್ನೇ ನೆಟ್ಟರೆ ಬೇರು ಬರುತ್ತದೆ, ಮೊಗ್ಗಿಲ್ಲದೆ ಗಿಡ ಬರುವುದಿಲ್ಲ. ಹೊರಟ ಕವಲು ಮೂರು ನಾಲ್ಕು ಜೋಡಿ ಎಲೆಯವರೆಗೂ ಹೊಸ ಬಣ್ಣವನ್ನೇ ಹಿಡಿದಿದ್ದರೆ ಆಗ ಕಡ್ಡಿ ಮಾಡಿ. ಅದರಿಂದ ಬಂದ ಗಿಡವನ್ನು ಮತ್ತೆ ಕಡ್ಡಿ ಮಾಡಿ, ಕೆಲವನ್ನು ತೋಟದ ನೆರಳಿಗೂ ಕೆಲವನ್ನು ಬೆಳಗಿನ ಬಿಸಿಲಿಗೂ ಇಟ್ಟು ಒಂದು ವರ್ಷ ನೋಡಿ. ಎರಡೂ ಕಡೆ ಚಿತ್ತಾರದ ವಿನ್ಯಾಸ ಉಳಿದು ಬಣ್ಣದ ದಟ್ಟಣೆಯಷ್ಟೇ ಬೇರೆಯಾದರೆ, ತಾಳ್ಯದ ಹಿತ್ತಲಿನಲ್ಲಿ ಹುಟ್ಟಿದ ಹೊಸ ತಳಿಯೊಂದು ನಿಮ್ಮ ಕೈಯಲ್ಲಿದೆ.